ಟರ್ಬೋ ಕಾರಿಗೆ ಯಾವ ಗೇಜು ಬೇಕು?

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಮಿತ್ರರಲ್ಲಿ ಬಾಡಿಗೆ ಕಾರು ನಡೆಸಿ ಹೊಟ್ಟೆ ಹೊರೆಯುವವರು ಕೆಲವರುಂಟು. ಹತ್ತು ವರ್ಷ ಉಳಿಸಿದ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರೂ ಉಂಟು. ಇವರಲ್ಲಿ ಮೂರು ನಾಲ್ಕು ಜನ ಬೇರೆ ಬೇರೆ ದಿನ ಒಂದೇ ಪ್ರಶ್ನೆಯನ್ನು ಕೇಳಿದರು: "ನಮ್ಮ ಗಾಡಿಯಲ್ಲಿ ಟರ್ಬೋ ಇದೆ. ಅದನ್ನು ಕಾಯಲು ಹೊರಗಿನಿಂದ ಗೇಜು ಹಾಕಿಸಬೇಕೆನ್ನುತ್ತಾರೆ. ಯಾವುದನ್ನು ಹಾಕಿಸೋಣ?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಪಾಠವಾಗಿ ಬರೆಯುವುದು ಮೇಲೆಂದು ತೋರಿತು. ನಾವು ಇಂಜಿನಿಯರುಗಳಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಬಾಯ್ಲರಿನ ಗೇಜಿನ ಅಂಕಿಗಳನ್ನು ಪುಸ್ತಕಕ್ಕೆ ಏರಿಸುವ ಕೆಲಸದಿಂದ ಮುಳ್ಳು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದರ ರೂಢಿ ಇದೆ.

ಮೊದಲು ಟರ್ಬೋ ಎಂದರೇನೆಂದು ನೋಡೋಣ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಬಹಳ ಶಕ್ತಿ ಉಳಿದಿರುತ್ತದೆ. ಅದನ್ನು ಸೈಲೆನ್ಸರಿನ ಕಡೆಗೆ ಸುಮ್ಮನೆ ಬಿಡುವ ಬದಲು ಒಂದು ಸಣ್ಣ ಚಕ್ರದ ಮೇಲೆ ಹಾಯಿಸಿದರೆ ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಹೀರಿ, ಒತ್ತಿ, ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಎಣ್ಣೆ ಉರಿಯಬಹುದು. ಸಣ್ಣ ಇಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಶಿ ಎಂಬ ಇಂಜಿನಿಯರು ೧೯೦೫ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರು. ಈ ಊರಿನವರಿಗೆ ಬಹುಕಾಲ ಪರಿಚಯವಿದ್ದ ಕಾರೆಂದರೆ ೧೯೫೮ರಿಂದ ೨೦೧೪ರವರೆಗೆ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್. ಆ ಹಳದಿ ಟ್ಯಾಕ್ಸಿಯ ಇಂಜಿನ್ ಸಾಮಾನ್ಯವಾಗಿ ತನ್ನ ಪಾಡಿಗೆ ತಾನು ಉಸಿರಾಡುತ್ತಿತ್ತು. ಈಗ ಹಾಗಲ್ಲ. ನಮ್ಮ ಬಿಡದಿಯ ಕಾರ್ಖಾನೆಯಿಂದ ೨೦೦೫ರಲ್ಲಿ ಹೊರಬಂದ ಇನ್ನೋವಾ ೨.೫ ಲೀಟರಿನ ಟರ್ಬೋ ಡೀಸೆಲ್. ೨೦೧೭ರಲ್ಲಿ ಬಂದ ನೆಕ್ಸಾನ್ ಪೆಟ್ರೋಲಿನಲ್ಲಿಯೂ ಟರ್ಬೋ. ಸದರ್ನ್ ಅವೆನ್ಯೂ ಉದ್ದಕ್ಕೂ ಮರದ ನೆರಳಿನಲ್ಲಿ ನಿಂತ ಕಾರುಗಳ ಮುಚ್ಚಳ ತೆರೆದು ನೋಡಿದರೆ ಟರ್ಬೋ ಇರುವವು ಸಾಕಷ್ಟು ಸಿಕ್ಕಾವು.

ಈ ಚಕ್ರದ ವೇಗ ಸಾಮಾನ್ಯವಲ್ಲ. ಸಣ್ಣ ಕಾರಿನ ಟರ್ಬೋ ನಿಮಿಷಕ್ಕೆ ಎರಡು ಲಕ್ಷ ಸುತ್ತನ್ನೂ ಮೀರಬಲ್ಲದು. ಒಂದು ಕಡೆ ಕೆಂಪಗೆ ಕಾಯುವ ಹೊಗೆ, ಇನ್ನೊಂದು ಕಡೆ ಹೊರಗಿನ ಗಾಳಿ, ನಡುವೆ ಕಿರುಬೆರಳಿಗಿಂತ ಸಣ್ಣ ದಂಡ. ಆ ದಂಡವನ್ನು ಹೊತ್ತಿರುವುದು ಕೂದಲೆಳೆಯಷ್ಟು ತೆಳುವಾದ ಆಯಿಲ್ ಪೊರೆ. ಒತ್ತಡ, ಆಯಿಲ್, ಶಾಖ. ಕಾಯಬೇಕಾದದ್ದು ಈ ಮೂರು. ಗೇಜಿನ ಆಯ್ಕೆಯೂ ಇಲ್ಲಿಂದಲೇ ಹುಟ್ಟತಕ್ಕದ್ದು, ಅಂಗಡಿಯ ಗಾಜಿನ ಕಪಾಟಿನಿಂದಲ್ಲ.

ಒತ್ತಡದ ಲೆಕ್ಕ ಹಲವರಿಗೆ ತೊಡಕು. ಟಯರಿಗೆ ಗಾಳಿ ಹಾಕಿಸುವುದನ್ನು ನೆನೆಯಿರಿ. ಪಂಕ್ಚರ್ ಆಗಿ ಕುಸಿದ ಟಯರಿಗೆ ಗೇಜು ಹಿಡಿದರೆ ಸೊನ್ನೆ ತೋರಿಸುತ್ತದೆ. ಒಳಗೆ ಗಾಳಿಯೇ ಇಲ್ಲವೆ? ಇದೆ, ಹೊರಗೆ ಎಷ್ಟು ಒತ್ತಡವೋ ಒಳಗೂ ಅಷ್ಟೇ ಇದೆ. ಗೇಜು ತೋರಿಸುವುದು ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಇದಕ್ಕೆ ಗೇಜು ಒತ್ತಡವೆಂದು ಹೆಸರು. ಹೊರಗಿನ ವಾಯುವಿನ ಒತ್ತಡವನ್ನೂ ಕೂಡಿಸಿದರೆ ಅದು ಪೂರ್ಣ ಒತ್ತಡ. ಕಲ್ಕತ್ತೆ ಸಮುದ್ರದ ಮಟ್ಟಕ್ಕೆ ಹತ್ತಿರವಾದ್ದರಿಂದ ಇಲ್ಲಿ ವಾಯುವಿನ ಒತ್ತಡ ಸುಮಾರು ೧೦೦ ಕಿಲೋಪಾಸ್ಕಲ್. ಬೆಂಗಳೂರು ಒಂಬೈನೂರು ಮೀಟರಿಗೂ ಮೇಲಿರುವುದರಿಂದ ಅಲ್ಲಿ ಸುಮಾರು ೯೧. ಎರಡು ಸಾವಿರ ಮೀಟರಿನ ಮೇಲಿರುವ ದಾರ್ಜಿಲಿಂಗಿನಲ್ಲಿ ೭೯ರ ಸುಮಾರು. ೧೦೦ ಕಿಲೋಪಾಸ್ಕಲ್ ಎಂದರೆ ೧ ಬಾರ್, ಅದೇ ೧೪.೫ ಪೌಂಡು, ನಮ್ಮ ಗಿರಣಿಯವರು ಹೇಳುವ ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂಬುದೂ ಹೆಚ್ಚುಕಡಿಮೆ ಇಷ್ಟೇ.

ಈಗ ಇಂಜಿನ್ನಿಗೆ ಬರೋಣ. ಟರ್ಬೋ ತುಂಬಿದ ಹೆಚ್ಚಿನ ಒತ್ತಡವನ್ನು ಬೂಸ್ಟ್ ಎನ್ನುತ್ತಾರೆ. ಬೂಸ್ಟ್ ಗೇಜು ೦.೮ ಬಾರ್ ತೋರಿಸಿದರೆ ಕಲ್ಕತ್ತೆಯಲ್ಲಿ ಪೂರ್ಣ ಒತ್ತಡ ೧೮೦ ಕಿಲೋಪಾಸ್ಕಲ್. ಹಾಗೆಂದು ಗಾಳಿ ೧.೮ ಪಟ್ಟು ಆಯಿತೆನ್ನುವಂತಿಲ್ಲ. ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ ಒತ್ತಿದ ಗಾಳಿ ಕಾಯುತ್ತದೆ. ಬೇಸಿಗೆಯಲ್ಲಿ ೩೫ ಡಿಗ್ರಿಯ ಗಾಳಿ ಹೀಗೆ ಒತ್ತಿದಾಗ ೧೦೦ ಡಿಗ್ರಿ ದಾಟುವುದುಂಟು. ಕಾದ ಗಾಳಿ ಹಿಗ್ಗುತ್ತದೆ. ಅದಕ್ಕಾಗಿಯೇ ಹೆಚ್ಚಿನ ಕಾರುಗಳ ಮುಂಭಾಗದಲ್ಲಿ ಇಂಟರ್‌ಕೂಲರ್ ಎಂಬ ಇನ್ನೊಂದು ಜಾಲರಿಯನ್ನಿಟ್ಟು ಗಾಳಿಯನ್ನು ತಣಿಸುತ್ತಾರೆ. ಅದರ ಮುಂದೆ ಹೂಮಾಲೆ, ಬೋರ್ಡು ಕಟ್ಟಿ ಗಾಳಿ ತಡೆಯುವವರನ್ನು ಪೂಜೆಯ ಕಾಲದಲ್ಲಿ ಬೇಕಾದಷ್ಟು ನೋಡಬಹುದು.

ಬೂಸ್ಟ್ ಗೇಜು ಕೊಳ್ಳುವಾಗ ಪೆಟ್ರೋಲೋ ಡೀಸೆಲೋ ಎಂಬುದೇ ಮೊದಲ ವಿಚಾರ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಗೆ ತ್ರಾಟಲ್ ಎಂಬ ಬಾಗಿಲಿದೆ. ಸುಮ್ಮನೆ ನಿಂತು ಓಡುವಾಗ ಅದು ಮುಚ್ಚಿಕೊಂಡು, ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಪೆಟ್ರೋಲ್ ಕಾರಿನ ಗೇಜಿನಲ್ಲಿ ಸೊನ್ನೆಯ ಎಡಕ್ಕೆ ನಿರ್ವಾತದ ಅಂಕಿಗಳೂ ಬಲಕ್ಕೆ ಬೂಸ್ಟಿನ ಅಂಕಿಗಳೂ ಇರಬೇಕು. ಎಡಭಾಗವೂ ಪ್ರಯೋಜನದ್ದೇ: ನಿಂತ ಇಂಜಿನ್ನಿನ ನಿರ್ವಾತ ದಿನೇ ದಿನೇ ಕಡಮೆಯಾಗುತ್ತ ಬಂದರೆ ಎಲ್ಲೋ ಗಾಳಿ ಸೋರುತ್ತಿದೆಯೆಂದು ತಿಳಿಯಬಹುದು. ಡೀಸೆಲಿನ ಹಳೆಯ ಇಂಜಿನ್ನುಗಳಲ್ಲಿ ಇಂಥ ಬಾಗಿಲೇ ಇಲ್ಲ. ಅವಕ್ಕೆ ಸೊನ್ನೆಯಿಂದ ಆರಂಭವಾಗಿ ೨ ಬಾರ್, ಅಂದರೆ ೩೦ ಪೌಂಡಿನವರೆಗೆ ಹೋಗುವ ಗೇಜು ಸಾಕು. ಎಡಭಾಗ ಇರುವುದನ್ನು ಹಾಕಿದರೆ ಅರ್ಧ ಮುಖ ವ್ಯರ್ಥ, ಉಳಿದ ಅರ್ಧದಲ್ಲಿ ಅಂಕಿಗಳು ಇಕ್ಕಟ್ಟು.

ಅಳತೆಯ ಪಟ್ಟಿಯ ವಿಚಾರದಲ್ಲಿ ಗಿರಣಿಯ ರೂಢಿ ಒಳ್ಳೆಯದು. ಬಾಯ್ಲರ್ ನಡೆಯುವ ಒತ್ತಡದಲ್ಲಿ ಮುಳ್ಳು ಮುಖದ ನಡುವಿನ ಸುಮಾರಿನಲ್ಲಿರಬೇಕು. ಮೀರಬಾರದ ಕಡೆ ಕೆಂಪು ಗೀಟು. ೦.೮ ಬಾರಿನ ಕಾರಿಗೆ ೪ ಬಾರಿನ ಗೇಜು ಹಾಕಿದರೆ ಮುಳ್ಳು ಒಂದು ಮೂಲೆಯಲ್ಲಿ ಒದ್ದಾಡುತ್ತಿರುತ್ತದೆ, ಓದುವವನಿಗೆ ಏನೂ ತಿಳಿಯದು.

೧೯೬೨ರಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗೆ ಮಾರಿದ ಮೊದಲ ಟರ್ಬೋ ಕಾರುಗಳು ಬಂದವು. ಅವುಗಳಲ್ಲೊಂದಾದ ಶೆವ್ರೊಲೆ ಕಾರ್ವೇರ್ ಮೊಂಜಾ ಸ್ಪೈಡರ್ ಕಾರಿಗೆ ತಯಾರಕರೇ ಮ್ಯಾನಿಫೋಲ್ಡ್ ಒತ್ತಡದ ಗೇಜು, ಸಿಲಿಂಡರ್ ತಲೆಯ ಉಷ್ಣತೆಯ ಗೇಜು, ಇಂಜಿನ್ ಸುತ್ತಿನ ಮೀಟರು ಮೂರನ್ನೂ ಜೋಡಿಸಿ ಕೊಟ್ಟಿದ್ದರು. ಅಂದಿನವರಿಗೆ ಇದು ಹೊಸ ಪ್ರಾಣಿ. ಅದರ ನಾಡಿ ಹಿಡಿದು ನೋಡಬೇಕೆಂದು ತೋರಿತ್ತು. ಇಂದಿನ ಕಂಪನಿಗಳು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ, ನಡೆಸುವವನಿಗೆ ಒಂದು ದೀಪವನ್ನಷ್ಟೇ ಉಳಿಸಿವೆ. ಎಷ್ಟೋ ಸಣ್ಣ ಕಾರುಗಳಲ್ಲಿ ನೀರಿನ ಉಷ್ಣತೆಯ ಮುಳ್ಳು ಸಹ ಹೋಗಿ ನೀಲಿ ದೀಪ, ಕೆಂಪು ದೀಪ ಬಂದಿವೆ. ಮುಳ್ಳು ಇದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಉಷ್ಣತೆ ಒಂದಷ್ಟು ಏರಿಳಿದರೂ ಗಾಬರಿಯಾಗಬಾರದೆಂದು ಅದನ್ನು ನಡುವೆಯೇ ನಿಲ್ಲುವಂತೆ ಮಾಡಿರುವುದು ಬಹಳ ಕಾರುಗಳಲ್ಲಿ ಉಂಟು.

ಆಯಿಲ್ ಒತ್ತಡದ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ನಮ್ಮ ಸದಸ್ಯರೊಬ್ಬರು, ವಿಜಯಪುರದ ಕಡೆಯವರು, ಹಳೆಯ ಟರ್ಬೋ ಡೀಸೆಲ್ ಗಾಡಿಯೊಂದನ್ನು ಸಾಲ ಮಾಡಿ ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಒಬ್ಬ ಅಂಗಡಿಯವನು ಅವರಿಗೆ ಸಾಲಾಗಿ ಮೂರು ಗೇಜು ಜೋಡಿಸಿ ಕೊಟ್ಟ. ಒಂದು ನಿರ್ವಾತದ ಭಾಗವೂ ಇರುವ ಬೂಸ್ಟ್ ಗೇಜು, ಒಂದು ಪೆಟ್ರೋಲ್ ಕಾರಿನ ಗಾಳಿ-ಇಂಧನ ಪ್ರಮಾಣದ ಗೇಜು, ಒಂದು ವೋಲ್ಟ್ ಮೀಟರು. ರಾತ್ರಿ ನೀಲಿ ಬೆಳಕಿನಲ್ಲಿ ನೋಡಲು ವಿಮಾನದ ಹಾಗೆ ಇತ್ತು. ಆಯಿಲಿನ ಗೇಜು ಮಾತ್ರ ಇರಲಿಲ್ಲ. ಖರಗ್‌ಪುರದ ದಾರಿಯಲ್ಲಿ ಒಂದು ದಿನ ಕೆಂಪು ದೀಪ ಹತ್ತಿತು. ಗಾಡಿಯನ್ನು ಬದಿಗೆ ತರುವಷ್ಟರಲ್ಲಿ ಟರ್ಬೋದಿಂದ ಸಿಳ್ಳಿನ ಶಬ್ದ, ಹಿಂದೆ ನೀಲಿ ಹೊಗೆ. ದಂಡದ ಬೇರಿಂಗ್ ಹೋಗಿತ್ತು. ಹೊಸ ಟರ್ಬೋದ ಬೆಲೆ ಹತ್ತಾರು ಸಾವಿರ. ಗಾಡಿ ನಿಂತ ದಿನಗಳ ಬಾಡಿಗೆಯೂ ಹೋಯಿತು, ಕಂತು ಮಾತ್ರ ನಿಲ್ಲಲಿಲ್ಲ. ಊರಿಗೆ ಎರಡು ತಿಂಗಳು ಹಣ ಕಳಿಸಲಾಗಲಿಲ್ಲ.

ದೀಪ ಯಾಕೆ ಮೊದಲೇ ಹೇಳಲಿಲ್ಲ? ಆ ದೀಪದ ಸ್ವಿಚ್ಚು ಹತ್ತುವುದು ಒತ್ತಡ ಬಹಳ ಕೆಳಗಿಳಿದ ಮೇಲೆ. ಸಾಮಾನ್ಯವಾಗಿ ೪ರಿಂದ ೮ ಪೌಂಡಿನ ಆಸುಪಾಸು. ಹೆದ್ದಾರಿಯಲ್ಲಿ ೩,೦೦೦ ಸುತ್ತಿನಲ್ಲಿ ಓಡುವ ಇಂಜಿನ್ನಿಗೆ ೩೦ ಪೌಂಡಾದರೂ ಬೇಕು. ಸಾವಿರ ಸುತ್ತಿಗೆ ೧೦ ಪೌಂಡು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ, ಒಟ್ಟು ಅಂದಾಜಿಗೆ ಸರಿ. ಒತ್ತಡ ೪೫ರಿಂದ ೩೫, ೩೫ರಿಂದ ೨೦ ಎಂದು ವಾರಗಟ್ಟಲೆ ಇಳಿಯುತ್ತ ಬಂದಿದ್ದರೂ ದೀಪ ಸುಮ್ಮನಿರುತ್ತದೆ. ಮುಳ್ಳಿದ್ದರೆ ಆ ಇಳಿತ ಕಣ್ಣಿಗೆ ಬೀಳುತ್ತಿತ್ತು. ಆದ್ದರಿಂದ ಹಳೆಯ ಟರ್ಬೋ ಗಾಡಿ ಕೊಂಡವರು ಒಂದೇ ಒಂದು ಗೇಜು ಹಾಕಿಸುವುದಾದರೆ ಅದು ಆಯಿಲ್ ಒತ್ತಡದ್ದಾಗಿರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೂಸ್ಟ್ ಗೇಜಿನಷ್ಟು ಅದು ಕುಣಿಯುವುದಿಲ್ಲ, ಗೆಳೆಯರಿಗೆ ತೋರಿಸಲು ಸೊಗಸಿಲ್ಲ. ಇರಲಿ.

ಇದರಲ್ಲಿಯೂ ಎರಡು ಬಗೆ. ಮೊದಲನೆಯದರಲ್ಲಿ ಸಣ್ಣ ಕೊಳವೆಯ ಮೂಲಕ ಆಯಿಲೇ ಗೇಜಿನವರೆಗೆ ಬರುತ್ತದೆ. ಒಳಗೆ ಬಾಗಿದ ಹಿತ್ತಾಳೆಯ ನಳಿಕೆ ಒತ್ತಡಕ್ಕೆ ನೆಟ್ಟಗಾಗಲು ಹವಣಿಸಿ ಮುಳ್ಳನ್ನು ಎಳೆಯುತ್ತದೆ. ೧೮೪೯ರಲ್ಲಿ ಫ್ರಾನ್ಸಿನ ಬೂರ್ದೊನ್ ಕಂಡುಹಿಡಿದ ಉಪಾಯ. ನಮ್ಮ ಬಾಯ್ಲರಿನ ಗೇಜಿನೊಳಗೂ ಇದೇ ಇದೆ. ಯಂತ್ರ ನಂಬಿಕಸ್ತ, ಆದರೆ ಕೊಳವೆ ಬಿರಿದರೆ ಕುದಿಯುವ ಆಯಿಲ್ ನಡೆಸುವವನ ಮೊಣಕಾಲಿನ ಮೇಲೆ. ಎರಡನೆಯದರಲ್ಲಿ ಇಂಜಿನ್ನಿನ ಬಳಿಯೇ ಒಂದು ಸೆನ್ಸರು; ಒಳಗೆ ಬರುವುದು ತಂತಿ ಮಾತ್ರ. ಆಯಿಲಿಗೆ ಎರಡನೆಯದನ್ನೇ ಆರಿಸಿ. ಬೂಸ್ಟಿಗೆ ಕೊಳವೆಯ ಬಗೆ ನಡೆದೀತು, ಏಕೆಂದರೆ ಬರುವುದು ಬರಿಯ ಗಾಳಿ. ಪೆಟ್ರೋಲ್ ಅಥವಾ ಡೀಸೆಲಿನ ಒತ್ತಡ ನೋಡುವ ಕೊಳವೆಯನ್ನು ಯಾವ ಕಾರಣಕ್ಕೂ ಕಾರಿನೊಳಗೆ ತರಬಾರದು.

ಸೆನ್ಸರು ಕೂರಿಸುವಾಗ ಕಂಪನಿಯ ಸ್ವಿಚ್ಚನ್ನು ಕಿತ್ತು ಬಿಸಾಡಬೇಡಿ. ಟೀ ಆಕಾರದ ಜೋಡಣೆ ಹಾಕಿದರೆ ಹಳೆಯ ದೀಪವೂ ಹೊಸ ಗೇಜೂ ಒಟ್ಟಿಗೆ ನಡೆಯುತ್ತವೆ. ಮರೆಯ ಹಲ್ಲು, ಅಂದರೆ ಸ್ಕ್ರೂ ಗೆರೆ, ಒಂದೊಂದು ದೇಶದ್ದು ಒಂದೊಂದು. ಜಪಾನಿನ ಗಾಡಿಗಳಲ್ಲಿ ಹೆಚ್ಚಾಗಿ ಎಂಟನೆಯ ಒಂದಂಶ ಇಂಚಿನ ಬ್ರಿಟಿಷ್ ಗೆರೆ, ಯೂರೋಪಿನವುಗಳಲ್ಲಿ ಹತ್ತು ಮಿಲಿಮೀಟರಿನ ಮೆಟ್ರಿಕ್ ಗೆರೆ ಸಾಮಾನ್ಯ. ಅಮೆರಿಕದ ಗೇಜಿನ ಜೊತೆ ಬರುವ ಸೆನ್ಸರಿಗೆ ಅಮೆರಿಕದ ಗೆರೆ. ಎರಡು ಸುತ್ತು ಹಿಡಿಯಿತೆಂದು ಬಲವಂತವಾಗಿ ತಿರುಗಿಸಿದರೆ ಇಂಜಿನ್ನಿನ ಅಲ್ಯುಮಿನಿಯಂ ಸೀಳುತ್ತದೆ. ಮಲ್ಲಿಕ್ ಬಜಾರಿಗೆ ಹೋಗುವವರು ಹಳೆಯ ಸ್ವಿಚ್ಚನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಒಯ್ಯಲಿ, ಅಳತೆ ತಪ್ಪುವುದಿಲ್ಲ.

ಇನ್ನು ಶಾಖ. ಹೊಗೆಯ ಉಷ್ಣತೆಯ ಗೇಜಿನ ಸೂಜಿಯೊಳಗೆ ಎರಡು ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದಿರುತ್ತಾರೆ. ಬೆಸುಗೆ ಕಾದಾಗ ಬಹಳ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಸೀಬೆಕ್ ಎಂಬವರು ೧೮೨೧ರಲ್ಲಿ ಕಂಡ ಸಂಗತಿ ಇದು. ಕೆ ಜಾತಿಯ ತಂತಿಯಾದರೆ ೭೦೦ ಡಿಗ್ರಿಗೆ ಸುಮಾರು ೨೯ ಮಿಲಿವೋಲ್ಟ್. (ನಮ್ಮ ಬೀದಿಗೆ ಈಗಿರುವ ಹೆಸರು ಡಾ. ಮೇಘನಾದ ಸಾಹಾ ಅವರದು. ನಕ್ಷತ್ರದ ಬೆಳಕನ್ನು ಓದಿ ಅದರ ಉಷ್ಣತೆಯನ್ನು ತಿಳಿಯುವ ದಾರಿಯನ್ನು ಅವರು ೧೯೨೦ರಲ್ಲಿ ತೋರಿಸಿಕೊಟ್ಟರು. ನಮಗೆ ಮಾರುದ್ದದ ಇಂಜಿನ್ನಿನ ಉಷ್ಣತೆ ತಿಳಿದರೆ ಸಾಕಾಗಿದೆ.)

ಈ ಗೇಜು ಯಾರಿಗೆ ಬೇಕು? ಹಳೆಯ ಡೀಸೆಲಿನಲ್ಲಿ ಭಾರ ಹೊತ್ತು ಘಾಟಿ ಹತ್ತುವವರಿಗೆ; ಚಿಪ್ಪು ಬದಲಾಯಿಸಿ ಶಕ್ತಿ ಹೆಚ್ಚಿಸಿಕೊಂಡವರಿಗೆ. ಶಿರಾಡಿ ಘಾಟಿಯನ್ನು ತುಂಬಿದ ಗಾಡಿಯಲ್ಲಿ ಮೇಲಿನ ಗೇರಿನಲ್ಲಿಯೇ ಕಾಲೊತ್ತಿ ಹತ್ತುವವರನ್ನು ನೋಡಿರಬಹುದು. ಸುತ್ತು ಕಡಮೆ, ಎಣ್ಣೆ ಹೆಚ್ಚು, ಗಾಳಿ ಸಾಲದು: ಹೊಗೆಯ ಉಷ್ಣತೆ ಸರಸರನೆ ಏರುತ್ತದೆ. ಗೇರು ಒಂದು ಕೆಳಗಿಳಿಸಿದರೆ ಟರ್ಬೋ ಹೆಚ್ಚು ಗಾಳಿ ಕೊಟ್ಟು ಮುಳ್ಳು ಹಿಂದಕ್ಕೆ ಬರುತ್ತದೆ. ಟರ್ಬೋದ ಮುಂಚೆ ಅಳೆದಾಗ ಡೀಸೆಲಿನಲ್ಲಿ ೭೦೦ ಡಿಗ್ರಿಗಿಂತ ಮೇಲೆ ಬಹಳ ಹೊತ್ತು ನಿಲ್ಲಿಸಬಾರದೆಂಬುದು ರೂಢಿಯ ಮಿತಿ. ಪೆಟ್ರೋಲಿನ ಹೊಗೆ ಸ್ವಭಾವತಃ ಹೆಚ್ಚು ಬಿಸಿ. ಅಲ್ಲಿ ೯೦೦ ಡಿಗ್ರಿ ಕಂಡರೂ ಹೆದರಬೇಕಾಗಿಲ್ಲ. ಸೂಜಿ ಟರ್ಬೋದ ನಂತರ ಇದ್ದರೆ ಅಂಕಿ ನೂರು ಇನ್ನೂರು ಡಿಗ್ರಿ ಕಡಮೆ ಬರುತ್ತದೆ, ಆ ವ್ಯತ್ಯಾಸವೂ ಸ್ಥಿರವಲ್ಲ. ಮುಂಚೆ ಹಾಕುವುದೇ ಸರಿಯಾದ ಅಳತೆ. ಆದರೆ ಮ್ಯಾನಿಫೋಲ್ಡನ್ನು ಬಿಚ್ಚಿ ಹೊರಗಿಟ್ಟು ತೂತು ಕೊರೆಯತಕ್ಕದ್ದು. ಹಾಗೆಯೇ ಕೊರೆದರೆ ಕಬ್ಬಿಣದ ಚೂರು ನೇರವಾಗಿ ಎರಡು ಲಕ್ಷ ಸುತ್ತಿನ ಚಕ್ರಕ್ಕೆ ಹೋಗುತ್ತದೆ. ಬಿಚ್ಚುವ ಕೂಲಿ ಉಳಿಸಲು ನೋಡುವ ಮಿಸ್ತ್ರಿಗೆ ಈ ಕೆಲಸ ಕೊಡದಿರುವುದೇ ಲೇಸು.

ಗಾಳಿ-ಇಂಧನ ಪ್ರಮಾಣದ ಗೇಜು ಪೆಟ್ರೋಲ್ ಇಂಜಿನ್ನನ್ನು ಮಾರ್ಪಡಿಸುವವರ ಉಪಕರಣ. ಸಂಬಳದವರಿಗೆ ಬೇಡ, ಡೀಸೆಲಿನವರಿಗೆ ಬೇಡವೇ ಬೇಡ. ವೋಲ್ಟ್ ಮೀಟರು ಅಗ್ಗದ್ದು: ಇಂಜಿನ್ ಓಡುವಾಗ ೧೩.೮ರಿಂದ ೧೪.೪ ಸಾಮಾನ್ಯ. ಆಯಿಲಿನ ಉಷ್ಣತೆ ೯೦ರಿಂದ ೧೧೦ ಡಿಗ್ರಿ ಇದ್ದರೆ ಸರಿ, ೧೩೦ ದಾಟಿದರೆ ಕಾಲು ಸಡಿಲಿಸಿ.

ಇಷ್ಟೆಲ್ಲ ಓದಿ ನಾಳೆಯೇ ಅಂಗಡಿಗೆ ಓಡಬೇಡಿ. ೨೦೧೩ರ ನಂತರದ ಹೆಚ್ಚಿನ ಕಾರುಗಳಲ್ಲಿ, ೨೦೨೦ರ ಏಪ್ರಿಲ್ ತಿಂಗಳಿಂದ ಬಂದ ಬಿ.ಎಸ್. ೬ ಕಾರುಗಳಲ್ಲಂತೂ, ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಓ.ಬಿ.ಡಿ. ಸಾಕೆಟ್ ಇದೆ. ಅದಕ್ಕೊಂದು ಸಣ್ಣ ರೀಡರ್ ಸಿಕ್ಕಿಸಿದರೆ ಮ್ಯಾನಿಫೋಲ್ಡ್ ಒತ್ತಡ, ನೀರಿನ ನಿಜವಾದ ಉಷ್ಣತೆ, ಒಳಗೆ ಹೋಗುವ ಗಾಳಿಯ ಉಷ್ಣತೆ, ವೋಲ್ಟು ಎಲ್ಲವೂ ಫೋನಿನಲ್ಲಿ ಕಾಣುತ್ತವೆ. ಒಂದು ಒಳ್ಳೆಯ ಗೇಜಿನ ಬೆಲೆಗಿಂತ ಇದು ಬಹಳ ಕಡಮೆ. ಹೊಸ ಡೀಸೆಲುಗಳಲ್ಲಿ ಮಸಿ ಹಿಡಿಯುವ ಶೋಧಕವನ್ನು ಕಾಯಲೆಂದು ಹೊಗೆಯ ಉಷ್ಣತೆಯ ಸೆನ್ಸರನ್ನು ಕಂಪನಿಯೇ ಇಟ್ಟಿರುತ್ತದೆ. ಆ ಮಾದರಿಗೆ ಹೊಂದುವ ರೀಡರ್ ಇದ್ದರೆ ಅದನ್ನೂ ಓದಬಹುದು, ತೂತು ಕೊರೆಯಬೇಕಾಗಿಲ್ಲ. ಇದರ ಕೊರತೆ ಎರಡು. ಅಂಕಿ ತುಸು ತಡವಾಗಿ ಬರುತ್ತದೆ. ಆಯಿಲಿನ ಒತ್ತಡವನ್ನು ಅಳೆಯುವ ಸೆನ್ಸರು ಬಹಳ ಕಾರುಗಳಲ್ಲಿ ಇರುವುದೇ ಇಲ್ಲ, ಸ್ವಿಚ್ಚು ಮಾತ್ರ. ಇಲ್ಲದ ಅಂಕಿಯನ್ನು ಫೋನು ಎಲ್ಲಿಂದ ತಂದೀತು? ಗಾಡಿ ನಿಲ್ಲಿಸಿದ ಮೇಲೆ ರೀಡರನ್ನು ಕಿತ್ತಿಡಿ, ಬಿಟ್ಟರೆ ದಿನಗಟ್ಟಲೆ ನಿಂತ ಬ್ಯಾಟರಿಯನ್ನು ಹೀರುತ್ತದೆ.

ಹೀಗಿರಲು, ವಾರಂಟಿಯೊಳಗಿನ ಹೊಸ ಕಾರಿಗೆ ರೀಡರ್ ಒಂದೇ ಸಾಕು. ತಂತಿ ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು. ಹಳೆಯ ಗಾಡಿಗೆ ರೀಡರ್ ಮತ್ತು ಆಯಿಲ್ ಒತ್ತಡದ ಗೇಜು. ಭಾರದ ಡೀಸೆಲಿಗೆ ಇವುಗಳ ಮೇಲೆ ಹೊಗೆಯ ಉಷ್ಣತೆಯದು. ಬೂಸ್ಟ್ ಗೇಜು ಹಣ ಉಳಿದರೆ.

ಜೋಡಿಸುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಗೇಜು ಕೂರಿಸುವುದು ಒಂದು ಶೋಕಿ. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಆ ಕಂಬದಿಂದಲೇ ಬಿಚ್ಚಿಕೊಳ್ಳುತ್ತದೆ. ಅಪಘಾತದಲ್ಲಿ ಗೇಜು ಕಲ್ಲಿನಂತೆ ಮುಖಕ್ಕೆ ಬಂದೀತು. ಡ್ಯಾಶ್‌ಬೋರ್ಡಿನ ನಡುವೆ, ರಸ್ತೆಯಿಂದ ಕಣ್ಣು ಬಹಳ ಹೊರಳದ ಕಡೆ ಇಡಿ. ೫೨ ಮಿಲಿಮೀಟರಿನ ಮುಖ ಸಾಕು. ವಿದ್ಯುತ್ತನ್ನು ಫ್ಯೂಸ್ ಇರುವ ಸಾಲಿನಿಂದ ಪಡೆಯಿರಿ. ರಾತ್ರಿ ಬೆಳಕು ಮಂದವಾಗುವ ಸೌಕರ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಬೂಸ್ಟಿನ ರಬ್ಬರು ಕೊಳವೆ ಇಂಜಿನ್ನಿನ ಶಾಖಕ್ಕೆ ಗಟ್ಟಿಯಾಗಿ ಬಿರಿಯುತ್ತದೆ, ವರ್ಷಕ್ಕೊಮ್ಮೆ ನೋಡಿ ಬದಲಿಸಿ.

ಗೇಜು ಹಾಕಿದ ಮೊದಲ ವಾರ ಒಂದು ಪುಟ್ಟ ಪುಸ್ತಕದಲ್ಲಿ ಅಂಕಿ ಬರೆದಿಡಬೇಕು: ಬೆಳಿಗ್ಗೆ ತಣ್ಣಗಿರುವಾಗ, ಬಿಸಿಯಾಗಿ ನಿಂತಾಗ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ. ನಿಮ್ಮ ಗಾಡಿಗೆ ಯಾವುದು ಸಹಜ ಎಂಬುದು ಇದರಿಂದಲೇ ತಿಳಿಯತಕ್ಕದ್ದು. ಆಮೇಲೆ ತಿಂಗಳಿಗೊಮ್ಮೆ ಬರೆದರೆ ಸಾಕು.

ಅಭ್ಯಾಸಕ್ಕೆ ಎರಡು ಲೆಕ್ಕ. ಒಂದು: ಬೆಂಗಳೂರಿನಲ್ಲಿ ಓಡುವ ಕಾರಿನ ರೀಡರ್ ಮ್ಯಾನಿಫೋಲ್ಡ್ ಒತ್ತಡವನ್ನು ೧೭೫ ಕಿಲೋಪಾಸ್ಕಲ್ ಎಂದು ತೋರಿಸಿತು. ಬೂಸ್ಟ್ ಎಷ್ಟು? ಎರಡು: ಕಲ್ಕತ್ತೆಯಲ್ಲಿ ನಿಂತು ಓಡುವ ಪೆಟ್ರೋಲ್ ಕಾರಿನ ರೀಡರ್ ೩೫ ತೋರಿಸಿತು. ಗೇಜಿನ ಮುಳ್ಳು ಯಾವ ಕಡೆ, ಎಷ್ಟರಲ್ಲಿ ನಿಂತೀತು?

ಉತ್ತರ: ಮೊದಲನೆಯದಕ್ಕೆ ೧೭೫ರಲ್ಲಿ ೯೧ ಕಳೆದರೆ ೮೪ ಕಿಲೋಪಾಸ್ಕಲ್, ಅಂದರೆ ೦.೮೪ ಬಾರ್, ಸುಮಾರು ೧೨ ಪೌಂಡು. ಎರಡನೆಯದಕ್ಕೆ ಹೊರಗಿನದಕ್ಕಿಂತ ೬೫ ಕಡಮೆ; ಮುಳ್ಳು ಸೊನ್ನೆಯ ಎಡಕ್ಕೆ ೦.೬೫ ಬಾರಿನಲ್ಲಿ, ಪಾದರಸದ ಅಳತೆಯ ಗೇಜಾದರೆ ಸುಮಾರು ೧೯ ಇಂಚಿನಲ್ಲಿ ನಿಲ್ಲುತ್ತದೆ.